ಐಎನ್‌ಎಸ್ ಜಲಾಶ್ವ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಅಮೆರಿಕದವರು ದುಡಿಸಿ ಬಿಟ್ಟ ಹಡಗನ್ನು ನಾವೇಕೆ ಕೊಂಡೆವು ಎಂದು ಕೇಳಿದ್ದೀಯ. 1971ರಲ್ಲಿ ಅವರ ನೌಕಾಪಡೆ ಸೇರಿದ್ದ ಯುಎಸ್‌ಎಸ್ ಟ್ರೆಂಟನ್, 2007ರಲ್ಲಿ ನಮ್ಮ ನೌಕಾಪಡೆಯ ಜಲಾಶ್ವ ಆಯಿತು. ಬೆಲೆ ಸುಮಾರು 4.8 ಕೋಟಿ ಡಾಲರ್. ಆ ದುಡ್ಡಿಗೆ ಹದಿನಾರು ಸಾವಿರ ಟನ್ ಮೀರಿದ ಹೊಸ ಹಡಗು ಯಾರೂ ಕಟ್ಟಿಕೊಡುವುದಿಲ್ಲ. ಕೊಂಡದ್ದು ಸರಿಯೇ, ಆದರೆ ಹಡಗಿನ ಜೊತೆ ಅದರ ವಯಸ್ಸನ್ನೂ ಕೊಂಡೆವು.

ಇದರ ಜೀವಾಳ ಹಿಂಬದಿಯ ವೆಲ್ ಡೆಕ್, ಅಂದರೆ ನೀರು ತುಂಬಿಸಬಹುದಾದ ದೋಣಿಯಂಗಳ. ಬ್ಯಾಲಾಸ್ಟ್ ಟ್ಯಾಂಕುಗಳಿಗೆ ಸಮುದ್ರದ ನೀರು ಬಿಟ್ಟು ಹಿಂಭಾಗವನ್ನು ತಗ್ಗಿಸಿ, ಹಿಂಬಾಗಿಲು ಇಳಿಸುತ್ತಾರೆ. ನೀರು ಒಳಗೆ ಬಂದು ಲ್ಯಾಂಡಿಂಗ್ ಕ್ರಾಫ್ಟ್‌ಗಳು (ಸೈನಿಕರನ್ನೂ ವಾಹನಗಳನ್ನೂ ದಡಕ್ಕೆ ಒಯ್ಯುವ ದೋಣಿಗಳು) ತೇಲುತ್ತವೆ, ಆಮೇಲೆ ಒಂದೊಂದೇ ಹೊರಡುತ್ತವೆ. ಎಲ್‌ಸಿಎಂ-8 ಎಂಬ ಮಾದರಿಯ ದೋಣಿಗಳಾದರೆ ನಾಲ್ಕು ಹಿಡಿಯುತ್ತವೆ. ಎಡಬಲದ ಟ್ಯಾಂಕುಗಳನ್ನು ಸಮನಾಗಿ ತುಂಬಬೇಕು, ಇಲ್ಲದಿದ್ದರೆ ಹಡಗು ವಾಲುತ್ತದೆ. ಅರ್ಧ ತುಂಬಿದ ಟ್ಯಾಂಕಿನ ನೀರು ಅತ್ತಿತ್ತ ಹರಿದು ವಾಲಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಲೆ ಜೋರಿದ್ದರೆ ದೋಣಿ ಒಳಗೋಡೆಗೇ ಬಡಿಯುತ್ತದೆ. ಸೈನಿಕರಿಗೆಂದು ಮಾಡಿದ ಜಾಗ ಕೊರೊನಾ ಸಂಕಟದಲ್ಲೂ ಒದಗಿತು: 2020ರ ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನ ಮಾಲೆಯಿಂದ 698 ಜನರನ್ನು ಕೊಚ್ಚಿಗೆ ತಂದದ್ದು ಇದೇ ಹಡಗು.

ಓಡುವುದು ಮಾತ್ರ ಹಬೆಯಿಂದ. ಎರಡು ಬಾಯ್ಲರ್, ಎರಡು ಟರ್ಬೈನ್. ಡೀಸೆಲ್ ಎಂಜಿನ್ ಥರ ತಕ್ಷಣ ಹೊರಡಲಾಗದು, ಹಬೆ ಏರಲು ಗಂಟೆಗಟ್ಟಲೆ ಬೇಕು. ಹಬೆಯನ್ನು ಸಮುದ್ರದ ನೀರಿನಿಂದ ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರ್‌ನ ಕೊಳವೆ ಸೋರಿ ಉಪ್ಪುನೀರು ಬಾಯ್ಲರಿಗೆ ಬೆರೆತರೆ ಟ್ಯೂಬುಗಳು ತುಕ್ಕು ಹಿಡಿಯುತ್ತವೆ. ನೀರಿನ ಮಟ್ಟ ಇಳಿದರಂತೂ ಸುಟ್ಟೇ ಹೋಗುತ್ತವೆ.

ನನ್ನನ್ನು ಹೆಚ್ಚು ಕಾಡುವುದು ಕೊಳಚೆ ಪೈಪುಗಳು. 2008ರ ಫೆಬ್ರುವರಿಯಲ್ಲಿ ಇದೇ ಹಡಗಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೋರಿ ಆರು ಮಂದಿ ತೀರಿಕೊಂಡರು. ಕೊಳಚೆ ನೀರು ಆಮ್ಲಜನಕವಿಲ್ಲದೆ ನಿಂತರೆ ಬ್ಯಾಕ್ಟೀರಿಯಾಗಳು ಈ ಅನಿಲವನ್ನು ಹುಟ್ಟಿಸುತ್ತವೆ. ಗಾಳಿಗಿಂತ ಭಾರ, ತಗ್ಗಿನಲ್ಲೇ ಕೂರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ, ಜಾಸ್ತಿಯಾದರೆ ಮೂಗೇ ಸತ್ತು ವಾಸನೆ ತಿಳಿಯದು. ನಾತ ನಿಂತಿತೆಂದು ಅಂಥ ತಗ್ಗಿನೊಳಗೆ ಇಳಿಯುವುದೇ ಅಪಾಯ. ಮೊದಲು ಬ್ಲೋವರ್‌ನಿಂದ ಗಾಳಿಯಾಡಿಸಿ, ಮೀಟರಿನಲ್ಲಿ ಆಮ್ಲಜನಕವನ್ನೂ ಈ ಅನಿಲವನ್ನೂ ಅಳೆಯಬೇಕು. ಇಳಿಯುವವನಿಗೆ ಹಗ್ಗ ಕಟ್ಟಿ, ಮೇಲೊಬ್ಬ ಕಾಯಬೇಕು. ಒಳಗಿನವನು ಕುಸಿದರೆ ಉಸಿರಾಟದ ಉಪಕರಣವಿಲ್ಲದೆ ಆ ಕಾಯುವವನು ಇಳಿಯಲೇಬಾರದು.

ಇಂತಿ,
ನಿನ್ನ ಗೆಳೆಯ