ಎ.ಸಿ.ಗೆ ಪ್ರತ್ಯೇಕ ವೈರಿಂಗ್ ಇರಲಿ

ಬೇಸಿಗೆ ಬಂತೆಂದರೆ ಕಲಬುರಗಿಯಂಥ ಊರುಗಳಲ್ಲಿ ಮನೆಮನೆಗೂ ಎ.ಸಿ. ಬರುತ್ತಿದೆ, ಆದರೆ ಅದರ ಭಾರ ಹೊರುವ ವೈರಿಂಗ್ ಹಳೆಯದೇ ಆಗಿರುವುದು ಆತಂಕದ ಸಂಗತಿ. ಒಂದೂವರೆ ಟನ್ನಿನ ಎ.ಸಿ. ಗಂಟೆಗಟ್ಟಲೆ ಎಡೆಬಿಡದೆ ಏಳೆಂಟು ಆಂಪಿಯರ್ ಎಳೆಯಬಲ್ಲದು. ಅದಕ್ಕೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ತಾಮ್ರದ ತಂತಿ, ತನ್ನದೇ ಎಂಸಿಬಿ (ಹೊರೆ ಮೀರಿದರೆ ತಾನಾಗಿ ಬಿದ್ದು ವಿದ್ಯುತ್ ಕಡಿತಗೊಳಿಸುವ ಸ್ವಿಚ್ಚು) ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ನಮ್ಮ ಬಾಡಿಗೆ ಮನೆಯಲ್ಲಿ ಎ.ಸಿ. ಅಳವಡಿಸಲು ಬಂದವರು ಫ್ರಿಜ್ಜಿನ ಪಾಯಿಂಟಿನಿಂದಲೇ ತಂತಿ ಎಳೆದು ಹೋಗಿದ್ದರು. ತಿಂಗಳೊಳಗೆ ಸಾಕೆಟ್ಟು ಕಂದುಬಣ್ಣಕ್ಕೆ ತಿರುಗಿ, ಸುಟ್ಟ ಪ್ಲಾಸ್ಟಿಕ್ ವಾಸನೆ ಬರತೊಡಗಿತು.

ಇದಕ್ಕಿಂತ ಅಪಾಯಕಾರಿಯಾದುದು, ಎಂಸಿಬಿ ಪದೇ ಪದೇ ಬೀಳುತ್ತದೆಂದು 16 ಆಂಪಿಯರಿನದನ್ನು ಕಿತ್ತು 32 ಆಂಪಿಯರಿನದನ್ನು ಹಾಕಿಸುವ ರೂಢಿ. ಎಂಸಿಬಿ ಇರುವುದು ಮುಖ್ಯವಾಗಿ ತಂತಿಯ ರಕ್ಷಣೆಗೆ, 2.5 ಚದರ ಮಿ.ಮೀ. ತಂತಿಗೆ 32 ಆಂಪಿಯರಿನ ಎಂಸಿಬಿ ಕೂರಿಸಿದರೆ, ಗೋಡೆಯೊಳಗೆ ತಂತಿ ಕಾದು ಅದರ ಹೊದಿಕೆ ಕರಗಿದರೂ ಎಂಸಿಬಿ ಬೀಳದೇ ಇರಬಹುದು.

ವೈರಿಂಗ್ ಕುರಿತು ಐಎಸ್ 732 ಎಂಬ ಭಾರತೀಯ ಮಾನಕವೇ ಇದೆ, ಪಾಲಿಸುವವರು ವಿರಳ. ಎ.ಸಿ. ಮಾರುವ ಅಂಗಡಿಗಳು ಪರವಾನಗಿ ಪಡೆದ ವೈರ್‌ಮನ್‌ನಿಂದ ತಂತಿ, ಎಂಸಿಬಿ, ಅರ್ಥಿಂಗ್ ಪರಿಶೀಲಿಸಿದ ಚೀಟಿ ಪಡೆದ ನಂತರವೇ ಯಂತ್ರವನ್ನು ಅಳವಡಿಸುವಂತೆ ಸರ್ಕಾರ ಕಡ್ಡಾಯಗೊಳಿಸಲಿ. ವಿದ್ಯುತ್ ಸರಬರಾಜು ಕಂಪನಿಗಳೂ ಮಾರ್ಚ್ ತಿಂಗಳ ಬಿಲ್ಲಿನಲ್ಲಿ ಈ ಬಗ್ಗೆ ಎರಡು ಸಾಲಿನ ಸೂಚನೆ ಮುದ್ರಿಸಲಿ.

– ಓರ್ವ ಓದುಗ, ಕಲಬುರಗಿ