‘ಗೇಮ್ ಸೆಟ್’ ಬೋರ್ಡ್ ಇಳಿಸಿದ್ದೇವೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ, ನಮಸ್ಕಾರ.

ತುಮಕೂರಿನ ನಮ್ಮ ಅಂಗಡಿ ಮುಂದೆ ಎರಡು ವರ್ಷದಿಂದ ತೂಗುತ್ತಿದ್ದ ‘ಐ5, 8 ಜಿಬಿ, ಎಲ್ಲಾ ಗೇಮ್ ಓಡುತ್ತೆ’ ಬೋರ್ಡನ್ನು ಮೊನ್ನೆ ಇಳಿಸಿದೆವು. ಬರುವ ತಿಂಗಳ 1ನೇ ತಾರೀಖಿನಿಂದ ಐ5 (ಇಂಟೆಲ್ ಕಂಪನಿಯ ಪ್ರೊಸೆಸರ್) ಹಾಕಿದ, ಒಂದೇ ರೇಟಿನ ಆ ಗೇಮ್ ಕಂಪ್ಯೂಟರ್ ಸೆಟ್ ಸಿಗುವುದಿಲ್ಲ. ಇನ್ನು ಮೇಲೆ ಎಮ್ಯುಲೇಟರ್‌ಗೆ (ಹಳೆಯ ಕನ್ಸೋಲ್, ಅಂದರೆ ಟಿವಿಗೆ ಹಾಕಿ ಆಡುವ ಗೇಮ್ ಮೆಷಿನ್ನಿನ ಗೇಮುಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್) ಅಂತ ಕಂಪ್ಯೂಟರ್ ಕೇಳಿದರೆ, ಯಾವ ಕನ್ಸೋಲಿನ ಗೇಮ್ ಆಡಬೇಕು ಅಂತ ಮೊದಲು ಕೇಳುತ್ತೇವೆ. ರೇಟು ಆಮೇಲೆ. ದುಡ್ಡು ಕೊಡುವ ಮೊದಲು ನಿಮ್ಮದೇ ಡಿಸ್ಕ್ ಹಾಕಿ ನಮ್ಮ ಟೇಬಲ್ ಮೇಲೆ ಓಡಿಸಿ ನೋಡಬಹುದು.

ಯಾಕೆ ಈ ಬದಲಾವಣೆ ಅಂದರೆ, ತಪ್ಪು ನಮ್ಮದೇ.

ಗುಬ್ಬಿ ಕಡೆಯ ಒಬ್ಬರು ನಮ್ಮಲ್ಲಿ ಸೆಟ್ ತೆಗೆದುಕೊಂಡು ಹೋಗಿದ್ದರು. ಹದಿನೈದು ದಿನಕ್ಕೆ ವಾಪಸ್ ಬಂದರು. ಸಿಪಿಯುವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದರು, ಜೊತೆಯಲ್ಲಿ ಮಗ. ಮದುವೆಗೆ ಮುಂಚೆ ಕೊಂಡಿದ್ದ ಅವರ ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2 ಕನ್ಸೋಲ್) ಡಿಸ್ಕ್ ಓದುವುದನ್ನು ಯಾವಾಗಲೋ ನಿಲ್ಲಿಸಿದೆ. ಡಿಸ್ಕುಗಳು ಮಾತ್ರ ಒಂದು ಗೀರೂ ಇಲ್ಲದೆ ಇವೆ. ಆ ಗೇಮುಗಳನ್ನು ಮಗನಿಗೆ ತೋರಿಸಬೇಕು ಅನ್ನುವುದು ಅವರ ಆಸೆ. ಕಾರ್ ರೇಸ್ ಡಿಸ್ಕ್ ಹಾಕಿದೆವು. ನೇರ ರಸ್ತೆಯಲ್ಲಿ ಚೆನ್ನಾಗಿಯೇ ಹೋಯಿತು. ಮುಂದೆ ತಿರುವು. ಆರು ಕಾರು ಒಟ್ಟಿಗೆ ಬಂದು ಹೊಗೆ ಎದ್ದಿದ್ದೇ ತಡ, ಪರದೆ ಮೂಲೆಯಲ್ಲಿ ಎಮ್ಯುಲೇಟರ್ ತೋರಿಸುವ ಸ್ಪೀಡು ಶೇಕಡಾ 100ರಿಂದ 60ಕ್ಕೆ ಬಿತ್ತು. ಸೆಲ್ ವೀಕ್ ಆದ ಟೇಪ್ ರೆಕಾರ್ಡರಿನ ಹಾಗೆ ಶಬ್ದ ಎಳೆಯತೊಡಗಿತು. ‘ಅಂಕಲ್, ನಿಮ್ಮ ಐ5ಗೆ ಸುಸ್ತಾಗಿದೆ’ ಅಂದ ಹುಡುಗ. ಅವರಪ್ಪ ಜಗಳ ಆಡಲಿಲ್ಲ. ‘ಬೋರ್ಡಲ್ಲಿ ಎಲ್ಲಾ ಗೇಮ್ ಅಂತ ಇತ್ತಲ್ಲ ಸಾರ್’ ಅಂದರು, ಅಷ್ಟೇ. ಜಗಳ ಆಡಿದ್ದರೇ ವಾಸಿಯಿತ್ತು.

ಪಿಎಸ್2 ಬಂದಿದ್ದು 2000ದಲ್ಲಿ. ಅದರ ಮುಖ್ಯ ಪ್ರೊಸೆಸರಿನ ವೇಗ 300 ಮೆಗಾಹರ್ಟ್ಸ್‌ಗೂ ಚೂರು ಕಮ್ಮಿ, ರ‍್ಯಾಮ್ ಬರೀ 32 ಎಂಬಿ. ನಾವು ಕೊಟ್ಟ ಮೆಷಿನ್ 3.1 ಗಿಗಾಹರ್ಟ್ಸ್. ಹತ್ತು ಪಟ್ಟು ಇದೆಯಲ್ಲ, ಧಾರಾಳವಾಗಿ ಸಾಕು ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಎಮ್ಯುಲೇಟರ್ ಮಾಡುವುದು ದುಭಾಷಿಯ ಕೆಲಸ. ಪಾವಗಡದ ಸಂತೆಯಲ್ಲಿ ತೆಲುಗಿನ ಚೌಕಾಸಿಯನ್ನು ಪಕ್ಕದಲ್ಲಿ ನಿಂತು ಕನ್ನಡಕ್ಕೆ ಹೇಳುತ್ತಾ ಹೋಗುವವನನ್ನು ನೆನೆಸಿಕೊಳ್ಳಿ. ಒಂದು ಮಾತಿಗೆ ಅವನು ನಾಲ್ಕು ಮಾತು ಆಡಬೇಕಾಗುತ್ತದೆ. ಪಿಎಸ್2 ಒಳಗೆ ಮಾತಾಡುವವರೂ ಒಬ್ಬರಲ್ಲ. ಮುಖ್ಯ ಪ್ರೊಸೆಸರ್, ಲೆಕ್ಕ ಹಾಕುವ ಎರಡು ವೆಕ್ಟರ್ ಯೂನಿಟ್, ಚಿತ್ರ ಬಿಡಿಸುವ ಚಿಪ್, ಸಾಲದ್ದಕ್ಕೆ ಹಳೆಯ ಪಿಎಸ್1ರ ಪ್ರೊಸೆಸರ್ ಕೂಡ ಅದರೊಳಗೇ ಕೂತಿದೆ! ಇವರೆಲ್ಲರ ಮಾತೂ ತಾಳ ತಪ್ಪದೆ ದಾಟಬೇಕು.

ಹಾಗಾದರೆ ಹತ್ತು ದುಭಾಷಿಗಳನ್ನು ನಿಲ್ಲಿಸೋಣ, ಅಂದರೆ ಜಾಸ್ತಿ ಕೋರ್ (ಪ್ರೊಸೆಸರಿನೊಳಗೆ ಬೇರೆ ಬೇರೆಯಾಗಿ ದುಡಿಯುವ ಭಾಗ) ಹಾಕೋಣ ಅಂತೀರಾ? ಮೊದಲ ಮಾತು ಮುಗಿಯದೆ ಎರಡನೆಯದು ಶುರುವಾಗುವುದಿಲ್ಲ. ಹತ್ತರಲ್ಲಿ ಆರೇಳು ಜನ ಸುಮ್ನೆ ನಿಂತಿರುತ್ತಾರೆ. ಪಿಎಸ್2ಗೆ ಬೇಕಾದದ್ದು ಒಂದೊಂದು ಕೋರೂ ಚುರುಕಾಗಿರುವುದು. ಒಳ್ಳೆಯ ನಾಲ್ಕು ಕೋರ್ ಸಾಕು.

ಇನ್ನು ಐ5 ವಿಷಯ. ನಾವು ಕೊಡುತ್ತಿದ್ದದ್ದು ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಐ5 2400. ಅದು 2011ರ ಮಾಲು, ಎರಡನೇ ತಲೆಮಾರಿನದ್ದು. ಹೆಸರಿನ ಮುಂದಿನ ನಂಬರ್ ನೋಡಿ: 2400 ಅಂದರೆ ಎರಡನೆಯದು, 10400 ಅಂದರೆ ಹತ್ತನೆಯದು. ಎರಡಕ್ಕೂ ಐ5 ಅಂತಲೇ ಸ್ಟಿಕ್ಕರ್. ಎವಿಎಕ್ಸ್2 ಅಂತ ಒಂದು ಸೌಲಭ್ಯವಿದೆ, ಒಂದೇ ಏಟಿಗೆ ಎಂಟೆಂಟು ಲೆಕ್ಕ ಮಾಡುವ ಆದೇಶಗಳು. ಅದು ಇಂಟೆಲ್ ಐ ಸರಣಿಯಲ್ಲಿ ಬಂದಿದ್ದು 2013ರ ನಾಲ್ಕನೇ ತಲೆಮಾರಿನಿಂದ. ಪಿಎಸ್2ರ ಎಮ್ಯುಲೇಟರ್ ಪಿಸಿಎಸ್ಎಕ್ಸ್2ಗೆ ಇಂಥದ್ದೇ ಹಳೆಯ ಸೌಲಭ್ಯವಾದ ಎಸ್ಎಸ್ಇ 4.1 ಆದರೂ ಇರಲೇಬೇಕು, ಎವಿಎಕ್ಸ್2 ಇದ್ದರೆ ಇನ್ನೂ ಒಳ್ಳೆಯದು. ಹೊಸದು ಅಂದ ಮಾತ್ರಕ್ಕೆ ಎಲ್ಲ ಇರುತ್ತದೆ ಅಂತಲೂ ನಂಬಬೇಡಿ. ಹತ್ತನೇ ತಲೆಮಾರಿನ ಪೆಂಟಿಯಂ ಗೋಲ್ಡ್ ಜಿ6400ರಲ್ಲಿ ಎವಿಎಕ್ಸ್2 ಇರಲಿ, ಅದರ ಹಿಂದಿನ ಎವಿಎಕ್ಸ್ ಕೂಡ ಇಲ್ಲವೇ ಇಲ್ಲ. ಎಲ್ಲೇ ಕೊಂಡರೂ ಪ್ರೊಸೆಸರಿನ ಪೂರ್ತಿ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ ಇನ್ನು ಮುಂದೆ ಅದು ಇದ್ದೇ ಇರುತ್ತದೆ.

‘ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿ ಹೋಗುತ್ತಾ?’ ಇದನ್ನು ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಗೇಮ್ ನಿಧಾನ ಆಗುವುದು ಪ್ರೊಸೆಸರಿಂದ ಆದರೆ ಕಾರ್ಡ್ ಹಾಕಿ ಉಪಯೋಗವಿಲ್ಲ. ಚಿತ್ರವನ್ನು ಮೂಲಕ್ಕಿಂತ ದೊಡ್ಡದಾಗಿ, ನುಣುಪಾಗಿ ಟಿವಿಯಲ್ಲಿ ನೋಡಬೇಕಾದರೆ ಕಾರ್ಡ್ ಬೇಕು. ಆ ಚಿಕ್ಕ ಆಫೀಸ್ ಕ್ಯಾಬಿನೆಟ್ಟಿನಲ್ಲಿ ಕುಳ್ಳ ಕಾರ್ಡ್ ಮಾತ್ರ ಹಿಡಿಸುತ್ತದೆ, ಕರೆಂಟ್ ಕೊಡುವ ಎಸ್ಎಂಪಿಎಸ್ ಕೂಡ ಸಣ್ಣದು. ಕಾರ್ಡ್ ಬೇಡ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಸಾಕು ಅನ್ನುವವರು 16 ಜಿಬಿಯ ಒಂದೇ ರ‍್ಯಾಮ್ ಬದಲು 8ರದ್ದು ಎರಡು ಹಾಕಿಸಿ. ಒಳಗಿನ ಗ್ರಾಫಿಕ್ಸ್ ಅದೇ ರ‍್ಯಾಮನ್ನು ಬಳಸಿಕೊಳ್ಳುತ್ತದೆ. ಎರಡು ದಾರಿ ಇದ್ದರೆ ಓಡಾಟ ಸಲೀಸು. ಹಾರ್ಡ್ ಡಿಸ್ಕ್ ಬದಲು ಎಸ್ಎಸ್‌ಡಿ ಹಾಕಿದರೆ ಗೇಮ್ ಬೇಗ ತೆರೆಯುತ್ತದೆ, ಆದರೆ ತಿರುವಿನಲ್ಲಿ ಎಳೆಯುವುದು ನಿಲ್ಲುವುದಿಲ್ಲ.

ಪಿಎಸ್3 ಕೇಳುವವರಿಗೆ ನಾವು ಸ್ವಲ್ಪ ಹೆದರಿಸಿಯೇ ಕಳಿಸುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. 2006ರ ಆ ಮೆಷಿನ್ನಿನ ಸೆಲ್ ಪ್ರೊಸೆಸರಿನಲ್ಲಿ ಒಬ್ಬ ಯಜಮಾನ, ಗೇಮಿಗೆ ದುಡಿಯುವ ಆರು ಆಳು, ವೇಗ 3.2 ಗಿಗಾಹರ್ಟ್ಸ್. ಇಲ್ಲಿ ಮಾತ್ರ ದುಭಾಷಿಗಳು ಜಾಸ್ತಿ ಇದ್ದಷ್ಟೂ ಒಳ್ಳೆಯದು. 6 ಕೋರ್, 12 ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಸಾಲು), ಎವಿಎಕ್ಸ್2, 16 ಜಿಬಿ ರ‍್ಯಾಮ್ ಇಲ್ಲದೆ ನಾವು ಮಾರುವುದಿಲ್ಲ. ಅಷ್ಟು ದುಡ್ಡಿಗೆ ಹಳೆಯ ಪಿಎಸ್3 ಒಂದನ್ನೇ ಕೊಂಡು ಇನ್ನೂ ದುಡ್ಡು ಉಳಿಸಬಹುದು. ವ್ಯಾಪಾರಸ್ಥ ಆಡುವ ಮಾತಲ್ಲ, ಆದರೂ ಹೇಳಿದ್ದೇವೆ.

ಈಗಾಗಲೇ ಸೆಟ್ ಕೊಂಡವರಲ್ಲಿ ಪಿಎಸ್1, ಪಿಎಸ್‌ಪಿ (ಸೋನಿಯ ಕೈಯಲ್ಲಿ ಹಿಡಿದು ಆಡುವ ಮೆಷಿನ್), ಚಿಕ್ಕಂದಿನ ಕ್ಯಾಸೆಟ್ ಗೇಮುಗಳನ್ನು ಆಡುವವರು ಏನೂ ಮಾಡಬೇಕಾಗಿಲ್ಲ. ಅವಕ್ಕೆ ಅದೇ ಮೆಷಿನ್ ಸಾಕು. ಪಿಎಸ್‌ಪಿ ಆದರೆ ನಿಮ್ಮ ಫೋನಲ್ಲೇ ಓಡಬಹುದು, ಮೊದಲು ಅದರಲ್ಲಿ ನೋಡಿ. ಪಿಎಸ್2ಗೆ ಅಂತ ಕೊಂಡು ತೊಂದರೆ ಪಟ್ಟವರು ಬಿಲ್ ತನ್ನಿ. ಆ ಮದರ್‌ಬೋರ್ಡಿಗೆ ಹೊಸ ಪ್ರೊಸೆಸರ್ ಕೂರುವುದಿಲ್ಲ, ಹಾಗಾಗಿ ಇಡೀ ಮೆಷಿನ್ ವಾಪಸ್ ಪಡೆದು ಬಿಲ್ಲಿನ ಪೂರ್ತಿ ಮೊತ್ತವನ್ನು ಹೊಸದರ ಬೆಲೆಯಲ್ಲಿ ಕಳೆಯುತ್ತೇವೆ. ಮೂರು ತಿಂಗಳು ಟೈಮಿದೆ. ಬಿಲ್ ಕಳೆದಿದ್ದರೆ ಫೋನ್ ನಂಬರ್ ಹೇಳಿ, ನಮ್ಮ ಪುಸ್ತಕದಲ್ಲಿ ಹುಡುಕುತ್ತೇವೆ. ಗುಬ್ಬಿಯವರಿಗೆ ಆಗಲೇ ಬದಲಿಸಿ ಕೊಟ್ಟಾಯಿತು.

ಪೆನ್‌ಡ್ರೈವ್ ತಂದು ‘ಗೇಮ್ ತುಂಬಿಸಿ ಕೊಡಿ’ ಅನ್ನುವುದನ್ನೂ ಇನ್ನು ಒಪ್ಪುವುದಿಲ್ಲ. ಹಿಂದೆ ತುಂಬಿಸಿ ಕೊಟ್ಟಿದ್ದೂ ಇದೆ, ಸುಳ್ಳು ಯಾಕೆ ಹೇಳಬೇಕು. ಪಿಸಿಎಸ್ಎಕ್ಸ್2, ಡಾಲ್ಫಿನ್ (ನಿಂಟೆಂಡೊ ಗೇಮುಗಳಿಗೆ), ಆರ್‌ಪಿಸಿಎಸ್3 (ಪಿಎಸ್3ಗೆ) ಈ ಎಮ್ಯುಲೇಟರುಗಳೆಲ್ಲ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಗೇಮು, ಪಿಎಸ್2ರ ಬಯೋಸ್ (ಮೆಷಿನ್ ಶುರು ಮಾಡುವ ಅದರೊಳಗಿನ ಸಾಫ್ಟ್‌ವೇರ್) ಹಾಗಲ್ಲ, ಅವಕ್ಕೆ ಹಕ್ಕುದಾರರಿದ್ದಾರೆ. ಬಯೋಸನ್ನು ನಿಮ್ಮದೇ ಪಿಎಸ್2ನಿಂದ ತೆಗೆದುಕೊಳ್ಳಬೇಕು. ಪಿಎಸ್3ಗೆ ಬೇಕಾದ ಅಂಥದ್ದೇ ಒಳಗಿನ ಸಾಫ್ಟ್‌ವೇರನ್ನು (ಫರ್ಮ್‌ವೇರ್) ಸೋನಿಯವರೇ ತಮ್ಮ ಸೈಟಿನಲ್ಲಿ ಇಟ್ಟಿದ್ದಾರೆ.

ಟೇಬಲ್ ಪರೀಕ್ಷೆ ಬುಧವಾರ ಮತ್ತು ಭಾನುವಾರ, ಮಧ್ಯಾಹ್ನ 3ರಿಂದ 6. ಅರ್ಧ ಗಂಟೆಗೆ 100 ರೂಪಾಯಿ, ಮೆಷಿನ್ ಕೊಂಡರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ಪಿಎಸ್1, ಪಿಎಸ್2 ಡಿಸ್ಕ್ ಮಾಮೂಲಿ ಡಿವಿಡಿ ಡ್ರೈವಿನಲ್ಲೇ ಓದುತ್ತದೆ. ನಿಮ್ಮ ಗೇಮಿನಲ್ಲಿ ಯಾವ ಜಾಗ ತುಂಬಾ ಗಲಾಟೆಯದ್ದೋ ಅಲ್ಲಿಯವರೆಗೂ ಆಡಿ ನೋಡಿ, ಬರೀ ಮೆನು ನೋಡಿ ಎದ್ದು ಹೋಗಬೇಡಿ. ಹಳೆಯ ಕಂಟ್ರೋಲರ್ ಇದ್ದರೆ ಜೊತೆಗೆ ತನ್ನಿ. ಪಿಎಸ್2ರದ್ದಕ್ಕೆ ಯುಎಸ್‌ಬಿ ಕನ್ವರ್ಟರ್ ಕೌಂಟರಿನಲ್ಲೇ ಇದೆ.

ಇಂತಿ,
ನಿಮ್ಮ ಕಂಪ್ಯೂಟರ್ ಅಂಗಡಿಯವರು, ತುಮಕೂರು