ಎಣಿಕೆ ಒಂದರಲ್ಲೇ ನಿಲ್ಲುವುದೇಕೆ?

ಮಾನ್ಯರೇ,

ವಿಜಯಪುರದ ಕಾಲೇಜುಗಳಲ್ಲಿ ಕೋಟ್ಲಿನ್ (ಆಂಡ್ರಾಯ್ಡ್ ಆ್ಯಪ್ ಬರೆಯುವ ಪ್ರೋಗ್ರಾಮಿಂಗ್ ಭಾಷೆ) ಕಲಿಸುವವರು ವೇರಿಯಬಲ್‌ನ ವ್ಯಾಪ್ತಿಯನ್ನು (ಮೌಲ್ಯ ಇಟ್ಟುಕೊಳ್ಳುವ ಆ ಹೆಸರು ಕೋಡಿನಲ್ಲಿ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು) ಬಾಯಿಪಾಠ ಮಾಡಿಸದೆ ಲ್ಯಾಬಿನಲ್ಲೇ ತೋರಿಸಲಿ. ಒಣದ್ರಾಕ್ಷಿ ಬಾಕ್ಸ್ ಎಣಿಸುವ ಆ್ಯಪ್ ಇದಕ್ಕೆ ಸಾಕು. ‘ವಾರ್ ಎಣಿಕೆ = 0’ (ವಾರ್ ಎಂದರೆ ಬದಲಾಗಬಲ್ಲ ವೇರಿಯಬಲ್) ಎಂಬ ಸಾಲು ಬಟನ್‌ನ ಕ್ಲಿಕ್ ಬ್ಲಾಕಿನೊಳಗಿದ್ದರೆ (ಒತ್ತಿದಾಗ ಓಡಿ ಎಣಿಕೆಗೆ 1 ಕೂಡಿಸುವ ಕೋಡ್) ಎಷ್ಟು ಸಲ ಒತ್ತಿದರೂ ಪರದೆಯಲ್ಲಿ 1 ಮಾತ್ರ; ಪ್ರತಿ ಒತ್ತಿಗೂ ವೇರಿಯಬಲ್ ಹೊಸದಾಗಿ ಹುಟ್ಟಿ, ಬ್ಲಾಕ್ ಮುಗಿದೊಡನೆ ಅಳಿಯುತ್ತದೆ. ಅದೇ ಸಾಲನ್ನು, ಪರದೆ ಸಿದ್ಧವಾಗುವಾಗ ಓಡುವ ಆನ್‌ಕ್ರಿಯೇಟ್ ಫಂಕ್ಷನ್‌ನ ಹೊರಗೆ, ಆಕ್ಟಿವಿಟಿ (ಆ್ಯಪ್‌ನ ಒಂದು ಪರದೆ) ಕ್ಲಾಸಿನ ಮಟ್ಟಕ್ಕೆ ತಂದರೆ ಎಣಿಕೆ ಏರುತ್ತದೆ. ಆದರೆ ಫೋನ್ ಅಡ್ಡ ತಿರುಗಿಸಿದರೆ ಮತ್ತೆ 0! ಆಕ್ಟಿವಿಟಿಯೇ ಹೊಸದಾಗಿ ಸೃಷ್ಟಿಯಾಗುವುದರಿಂದ ಹೀಗಾಗುತ್ತದೆ. ಎಣಿಕೆಯನ್ನು, ಪರದೆ ತಿರುಗಿದರೂ ಅಳಿಯದೆ ದತ್ತಾಂಶ ಕಾಯುವ ವ್ಯೂಮಾಡೆಲ್‌ನಲ್ಲಿಟ್ಟರೆ ಉಳಿಯುತ್ತದೆ. ಮಕ್ಕಳು ಹೆಚ್ಚು ತಬ್ಬಿಬ್ಬಾಗುವುದು ಇಲ್ಲೇ.

ಬಾಕ್ಸಿನ ತೂಕ 15 ಕಿಲೋ ಎಂದಿಟ್ಟುಕೊಳ್ಳಿ. ಅದನ್ನು ಕೋಡಿನ ತುಂಬ ಚೆಲ್ಲದೆ, ಇಡೀ ಕ್ಲಾಸಿಗೆ ಒಂದೇ ಇರುವ ಕಂಪ್ಯಾನಿಯನ್ ಆಬ್ಜೆಕ್ಟ್‌ನಲ್ಲಿ ‘ಕಾನ್ಸ್ಟ್ ವಾಲ್’ (ಕಂಪೈಲ್ ಆಗುವಾಗಲೇ ನಿಗದಿಯಾಗುವ, ಬದಲಾಗದ ಮೌಲ್ಯ) ಆಗಿ ಒಮ್ಮೆ ಬರೆಯಬೇಕು. ಫಂಕ್ಷನ್ ಒಳಗೆ ‘ಕಾನ್ಸ್ಟ್’ ಹಾಕಿದರೆ ಕಂಪೈಲರ್ (ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ತಂತ್ರಾಂಶ) ಒಪ್ಪದು. ಅಲ್ಲಿ ಬರೀ ‘ವಾಲ್’ ಸಾಕು.

– ಆ್ಯಪ್ ತರಬೇತುದಾರರು, ವಿಜಯಪುರ